ಗಣಿತ ಪ್ರಶ್ನೋತ್ತರ: ಅಪವರ್ತನವೋ ಅಪವರ್ತ್ಯವೋ?

ಈ ಸಲದ ಪತ್ರಗಳೆಲ್ಲ ಮ.ಸಾ.ಅ. (ಮಹತ್ತಮ ಸಾಮಾನ್ಯ ಅಪವರ್ತನ) ಮತ್ತು ಲ.ಸಾ.ಅ. (ಲಘುತ್ತಮ ಸಾಮಾನ್ಯ ಅಪವರ್ತ್ಯ) ಸುತ್ತಲೇ ಇವೆ. ಒಂದೇ ಬಗೆಯವನ್ನು ಸೇರಿಸಿ, ಉಳಿದವನ್ನು ಬಂದ ಹಾಗೆಯೇ ಕೊಟ್ಟಿದ್ದೇವೆ. 168 ಮತ್ತು 180 ಎಂಬ ಜೋಡಿ ಹಲವು ಉತ್ತರಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಅದು ಬೇಕೆಂದೇ ಮಾಡಿದ್ದು. ಸಂಖ್ಯೆ ಬದಲಾಗದಿದ್ದರೆ ವಿಧಾನಗಳ ನಡುವಿನ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ.

ಪ್ರಶ್ನೆ: ಮಗಳು ಆರನೇ ತರಗತಿ. 12 ಮತ್ತು 18ರ ಮ.ಸಾ.ಅ. ಕೇಳಿದರೆ 36 ಎನ್ನುತ್ತಾಳೆ, ಲ.ಸಾ.ಅ. ಕೇಳಿದರೆ 6. ಲೆಕ್ಕ ಸರಿಯಿದೆ, ಹೆಸರು ಅದಲುಬದಲು. “ಮಹತ್ತಮ ಅಂದರೆ ದೊಡ್ಡದು ತಾನೇ ಅಮ್ಮಾ?” ಎಂದರೆ ಏನು ಹೇಳಲಿ?

ಮಗಳ ತರ್ಕದಲ್ಲಿ ತಪ್ಪಿಲ್ಲ, ಅವಳು ಪದದ ತಪ್ಪು ತುದಿಯನ್ನು ಹಿಡಿದಿದ್ದಾಳೆ ಅಷ್ಟೇ. ಮಹತ್ತಮ, ಲಘುತ್ತಮ ಎಂಬವು ಬರೀ ವಿಶೇಷಣಗಳು. ಉತ್ತರ ಎಷ್ಟು ದೊಡ್ಡದಿರಬೇಕು ಎಂದು ನಿರ್ಧರಿಸುವುದು ಕೊನೆಯ ಪದ. ಕನ್ನಡದಲ್ಲಿ ತೊಂದರೆ ಇನ್ನೂ ಒಂದು ಪಟ್ಟು ಹೆಚ್ಚು, ಏಕೆಂದರೆ ಅಪವರ್ತನ, ಅಪವರ್ತ್ಯ ಎರಡೂ ಬಾಲದಲ್ಲಿ ಮಾತ್ರ ಬೇರೆ. ಸಂಕ್ಷೇಪಿಸಿದರೆ ಆ ಬಾಲವೂ ಹೋಗಿ ಎರಡೂ ‘ಅ.’ ಆಗಿ ಕೂರುತ್ತವೆ. ಆದ್ದರಿಂದ ಮೊದಲ ಒಂದೆರಡು ವಾರ ಸಂಕ್ಷೇಪ ಬಳಸಲು ಬಿಡಬೇಡಿ. ಪೂರ್ತಿ ಹೆಸರನ್ನೇ ಬರೆಸಿ.

ಬಾಲವನ್ನು ನೆನಪಿಡಲು ಒಂದು ದಾರಿಯಿದೆ. ಭಾಗಾಕಾರದಲ್ಲಿ ಭಾಜ್ಯ ಎಂದರೆ ಭಾಗಿಸಿಕೊಳ್ಳುವ ಸಂಖ್ಯೆ ಎಂದು ಅವಳಿಗೆ ಗೊತ್ತು. ಅಪವರ್ತ್ಯವೂ ಅದೇ ಜಾತಿಯ ಪದ, ಅದೇ ಯ-ಒತ್ತು. 36 ಎಂಬುದು 12ರ ಅಪವರ್ತ್ಯ, ಅಂದರೆ 12ರಿಂದ ಭಾಗಿಸಿಕೊಳ್ಳುವಂಥದ್ದು. ಅಪವರ್ತನ ಭಾಗಿಸುವ ಕಡೆಯದು: 6 ಎಂಬುದು 12ನ್ನೂ 18ನ್ನೂ ಶೇಷವಿಲ್ಲದೆ ಭಾಗಿಸುತ್ತದೆ.

ಒಂದು ಸಂಖ್ಯೆಯ ಅಪವರ್ತನ ಆ ಸಂಖ್ಯೆಗಿಂತ ದೊಡ್ಡದಾಗುವುದಿಲ್ಲ, ಅಪವರ್ತ್ಯ ಅದಕ್ಕಿಂತ ಚಿಕ್ಕದಾಗುವುದಿಲ್ಲ. ಹಾಗಾಗಿ 12, 18 ಕೊಟ್ಟಾಗ ಮ.ಸಾ.ಅ. 12ನ್ನು ದಾಟುವಂತಿಲ್ಲ, ಲ.ಸಾ.ಅ. 18ಕ್ಕಿಂತ ಕೆಳಗಿಳಿಯುವಂತಿಲ್ಲ. ‘ಮಹತ್ತಮ’ ಎಂಬ ಮಾತು ಬಂದಿರುವುದು 1, 2, 3, 6 ಎಂಬ ಪುಟ್ಟ ಸಾಮಾನ್ಯ ಪಟ್ಟಿಯಲ್ಲಿ ಯಾವುದು ದೊಡ್ಡದು ಎಂದು ಹೇಳಲು. ‘ಲಘುತ್ತಮ’ ಬಂದಿರುವುದು 36, 72, 108 ಎಂದು ಮುಗಿಯದೆ ಸಾಗುವ ಪಟ್ಟಿಯಲ್ಲಿ ಮೊದಲನೆಯದನ್ನು ಹಿಡಿಯಲು. ಮಹತ್ತಮ ಸಾಮಾನ್ಯ ಅಪವರ್ತ್ಯ ಎಂಬುದೇ ಇಲ್ಲ, ಆ ಪಟ್ಟಿಗೆ ಕೊನೆಯಿಲ್ಲವಲ್ಲ! ಲಘುತ್ತಮ ಸಾಮಾನ್ಯ ಅಪವರ್ತನ ಯಾವಾಗಲೂ 1, ಅದನ್ನು ಕೇಳುವುದರಲ್ಲಿ ಅರ್ಥವಿಲ್ಲ. ಈ ಎರಡು ಮಾತನ್ನು ಅವಳ ಬಾಯಿಂದಲೇ ಹೇಳಿಸಿ ನೋಡಿ, ಅದಲುಬದಲು ಬಹುಮಟ್ಟಿಗೆ ನಿಲ್ಲುತ್ತದೆ.

ಪ್ರಶ್ನೆ: ಪಟ್ಟಿ ಮಾಡುವ ಕ್ರಮ, ಅವಿಭಾಜ್ಯ ಅಪವರ್ತನ ಕ್ರಮ, ಭಾಗಾಕಾರ ಕ್ರಮ... ಮಕ್ಕಳಿಗೆ ಮೂರನ್ನೂ ಕಲಿಸಬೇಕೇ? ಒಂದೇ ಸಾಕು ಎಂದಾದರೆ ಯಾವುದು?

ಪಟ್ಟಿಯಿಂದ ಶುರು ಮಾಡಿ, ಆದರೆ ಅಲ್ಲೇ ಉಳಿಯಬೇಡಿ. ಪಟ್ಟಿ ಅರ್ಥವನ್ನು ತೋರಿಸುತ್ತದೆ, ಕೆಲಸಕ್ಕೆ ಮಾತ್ರ ನಿಧಾನ. 180ಕ್ಕೆ 18 ಅಪವರ್ತನಗಳಿವೆ. ಮಕ್ಕಳು ಒಂದನ್ನಾದರೂ ಬಿಟ್ಟೇ ಬಿಡುತ್ತಾರೆ. ಪಟ್ಟಿ ಮಾಡುವುದೇ ಆದರೆ ಜೋಡಿಯಾಗಿ ಬರೆಸಿ: 1×180, 2×90, 3×60, 4×45, 5×36, 6×30, 9×20, 10×18, 12×15. ಎಡಗಡೆ 13 ದಾಟಿದ ಮೇಲೆ ಹುಡುಕಬೇಕಾಗಿಲ್ಲ, ಏಕೆಂದರೆ 14×14 ಆಗಲೇ 196.

ಒಂದೇ ಕ್ರಮ ಆರಿಸಿ ಎಂದರೆ ಅವಿಭಾಜ್ಯ ಅಪವರ್ತನ ಕ್ರಮಕ್ಕೇ ನಮ್ಮ ಮತ. ಮ.ಸಾ.ಅ., ಲ.ಸಾ.ಅ. ಎರಡೂ ಒಂದೇ ಬರಹದಿಂದ ಹೊರಬರುತ್ತವೆ, ಮುಂದೆ ಬೀಜಗಣಿತದಲ್ಲೂ ಅದೇ ನಡೆಯುತ್ತದೆ.

168ನ್ನು 2ರಿಂದ ಭಾಗಿಸುತ್ತ ಹೋದರೆ 84, 42, 21. ಆಮೇಲೆ 3ರಿಂದ 7. ಹಾಗಾಗಿ 168 = 2³ × 3 × 7. 180 ಎಂದರೆ 90, 45. 3ರಿಂದ 15, 5. ಹಾಗಾಗಿ 180 = 2² × 3² × 5. ಈಗ ಎರಡನ್ನೂ ಒಂದರ ಕೆಳಗೊಂದು, ಒಂದೇ ಅವಿಭಾಜ್ಯ ಒಂದೇ ಸಾಲಿನಲ್ಲಿ ನಿಲ್ಲುವಂತೆ ಬರೆಸಿ. ಇಲ್ಲದ ಕಡೆ ಜಾಗ ಖಾಲಿ ಬಿಡಬೇಕು:

168 = 2³ × 3¹ × (ಖಾಲಿ) × 7
180 = 2² × 3² × 5 × (ಖಾಲಿ)

ಮ.ಸಾ.ಅ.ಗೆ ಎರಡೂ ಸಾಲಿನಲ್ಲಿರುವ ಅವಿಭಾಜ್ಯಗಳು ಮಾತ್ರ, ಘಾತಾಂಕ ಕಡಿಮೆಯದ್ದು: 2² × 3 = 12. ಲ.ಸಾ.ಅ.ಗೆ ಒಂದು ಸಾಲಿನಲ್ಲಿ ಕಂಡರೂ ಸಾಕು, ಘಾತಾಂಕ ಹೆಚ್ಚಿನದ್ದು: 2³ × 3² × 5 × 7 = 2520. ಖಾಲಿ ಜಾಗ ಇಲ್ಲಿ ಬಹಳ ಕೆಲಸ ಮಾಡುತ್ತದೆ. ಅದನ್ನು ಬಿಡದೆ ಬರೆದ ಮಕ್ಕಳು 7ನ್ನೂ 5ನ್ನೂ ಒಂದರ ಕೆಳಗೊಂದು ನಿಲ್ಲಿಸಿ, ‘ಇದೂ ಜೋಡಿ’ ಎಂದುಕೊಂಡು ಒಂದನ್ನು ಕೈಬಿಡುತ್ತಾರೆ. ಲ.ಸಾ.ಅ. 360 ಅಥವಾ 504 ಎಂದು ಬಂದರೆ ಆಗಿರುವುದು ಇದೇ.

ಇನ್ನೊಂದು ಎಡವಟ್ಟು, ಅವಿಭಾಜ್ಯದಂತೆ ಕಾಣುವ ಸಂಖ್ಯೆಗಳದ್ದು. 51, 57, 87, 91 ಇವನ್ನು ಕಂಡ ಕೂಡಲೇ ಮಕ್ಕಳು ಕೈ ನಿಲ್ಲಿಸುತ್ತಾರೆ. 51 = 3×17, 57 = 3×19, 87 = 3×29, 91 = 7×13. ಮೊದಲ ಮೂರಕ್ಕೆ ಅಂಕಿಗಳ ಮೊತ್ತದ ನಿಯಮ ಸಾಕು: ಮೊತ್ತ 3ರಿಂದ ಭಾಗವಾದರೆ ಸಂಖ್ಯೆಯೂ ಆಗುತ್ತದೆ. 91 ಮಾತ್ರ ಯಾವ ಸುಲಭ ನಿಯಮಕ್ಕೂ ಸಿಗುವುದಿಲ್ಲ, 7ರ ಮಗ್ಗಿ ಹತ್ತಕ್ಕೆ ನಿಲ್ಲುವುದರಿಂದ ಬಾಯಿಪಾಠಕ್ಕೂ ಸಿಗುವುದಿಲ್ಲ. ಅದನ್ನು ನೆನಪಿಟ್ಟುಕೊಂಡುಬಿಡುವುದೇ ವಾಸಿ.

ಪ್ರಶ್ನೆ: ಮೂರು ಸಂಖ್ಯೆಗಳನ್ನು ಒಟ್ಟಿಗೆ ಭಾಗಿಸುವಾಗ ನಮ್ಮ ಮಗ ಒಮ್ಮೆ ಬೇಗ ನಿಲ್ಲಿಸುತ್ತಾನೆ, ಒಮ್ಮೆ ನಿಲ್ಲಿಸುವುದೇ ಇಲ್ಲ. 12, 30, 45ರ ಲ.ಸಾ.ಅ. 1800 ಎಂದು ಬರೆದಿದ್ದಾನೆ. ಎಲ್ಲಿ ನಿಲ್ಲಿಸಬೇಕು?

ಅವನು ಬರೆದಿರುವುದು ಹೀಗಿರಬೇಕು. ಮೂರನ್ನೂ 3ರಿಂದ ಭಾಗಿಸಿದ: 4, 10, 15. ಮೂರಕ್ಕೂ ಸಾಮಾನ್ಯವಾದದ್ದು ಇನ್ನಿಲ್ಲ ಎಂದು ನಿಲ್ಲಿಸಿ 3 × 4 × 10 × 15 = 1800 ಮಾಡಿದ.

ಮ.ಸಾ.ಅ. ಕೇಳಿದ್ದರೆ ನಿಲ್ಲಿಸಿದ್ದು ಸರಿ, ಎಡಗಡೆಯ 3 ಉತ್ತರ. ಲ.ಸಾ.ಅ.ಗೆ ನಿಲ್ಲುವ ಜಾಗ ಬೇರೆ. ಅಲ್ಲಿ ಯಾವುದೇ ಎರಡು ಸಂಖ್ಯೆಗಳು ಒಂದೇ ಅವಿಭಾಜ್ಯದಿಂದ ಭಾಗವಾಗುತ್ತಿರುವಷ್ಟು ಹೊತ್ತೂ ಮುಂದುವರಿಸಬೇಕು. ಭಾಗವಾಗದ ಮೂರನೆಯದನ್ನು ಹಾಗೆಯೇ ಕೆಳಗಿಳಿಸಬೇಕು.

3 | 12, 30, 45
2 | 4, 10, 15
5 | 2, 5, 15
  | 2, 1, 3

3 × 2 × 5 × 2 × 1 × 3 = 180. ಅವನ ಉತ್ತರ ಇದರ ಹತ್ತು ಪಟ್ಟು ಇತ್ತು. ಬಿಟ್ಟುಹೋದ 2 ಮತ್ತು 5ರ ಗುಣಲಬ್ಧವೇ ಆ ಹತ್ತು. ಇದೇ ಕೋಷ್ಟಕ ನೋಡಿ ಮ.ಸಾ.ಅ.ಯನ್ನು 3 × 2 × 5 = 30 ಎಂದು ಬರೆಯುವುದು ಎದುರು ಬದಿಯ ತಪ್ಪು. 30ರಿಂದ 12 ಭಾಗವಾಗುವುದಿಲ್ಲ ಎಂದು ನೋಡಿದರೆ ಸಾಕು, ಅದು ಬಿದ್ದುಹೋಗುತ್ತದೆ.

ಚುರುಕಾದ ಮಕ್ಕಳೇ ಬೀಳುವ ಹಳ್ಳ ಒಂದಿದೆ. ಬೇಗ ಮುಗಿಸಲು ಅವರು ಸಂಯುಕ್ತ ಸಂಖ್ಯೆಯಿಂದ ಭಾಗಿಸುತ್ತಾರೆ. 12, 18, 4 ತೆಗೆದುಕೊಳ್ಳಿ. 6ರಿಂದ ಭಾಗಿಸಿ, 4ನ್ನು ಹಾಗೆಯೇ ಇಳಿಸಿದರೆ 2, 3, 4. ಮತ್ತೆ 2ರಿಂದ: 1, 3, 2. ಗುಣಿಸಿದರೆ 6 × 2 × 1 × 3 × 2 = 72. ಸರಿಯಾದ ಲ.ಸಾ.ಅ. 36. ಕ್ರಮ ಒಂದು ಹೆಜ್ಜೆಯೂ ತಪ್ಪಿದಂತೆ ಕಾಣುವುದಿಲ್ಲ, ಉತ್ತರ ಇಮ್ಮಡಿ! ಕಾರಣ ಇದು: 6ರೊಳಗೆ ಒಂದು 2 ಅಡಗಿತ್ತು, 4ರೊಳಗೂ 2 ಇತ್ತು. 6ರಿಂದ 4 ಪೂರ್ತಿ ಭಾಗವಾಗಲಿಲ್ಲವೆಂದು ಅದನ್ನು ಮುಟ್ಟದೆ ಬಿಟ್ಟಾಗ ಆ 2 ಎರಡು ಸಲ ಎಣಿಕೆಗೆ ಬಂತು. ಎಲ್ಲ ಸಂಖ್ಯೆಗಳೂ ಭಾಗವಾಗುವಾಗ ಸಂಯುಕ್ತದಿಂದ ಭಾಗಿಸಿದರೆ ತೊಂದರೆಯಿಲ್ಲ. ಒಂದಾದರೂ ಹಾಗೆಯೇ ಇಳಿಯುತ್ತಿದ್ದರೆ ಭಾಜಕ ಅವಿಭಾಜ್ಯವೇ ಆಗಿರಬೇಕು.

ಪ್ರಶ್ನೆ: ಎರಡು ಸಂಖ್ಯೆಗಳ ಗುಣಲಬ್ಧ = ಮ.ಸಾ.ಅ. × ಲ.ಸಾ.ಅ. ಎಂಬ ಸೂತ್ರ ಮೂರು ಸಂಖ್ಯೆಗಳಿಗೆ ಏಕೆ ನಡೆಯುವುದಿಲ್ಲ?

ಮೇಲಿನ 12, 30, 45ನ್ನೇ ನೋಡಿ. ಗುಣಲಬ್ಧ 16200, ಮ.ಸಾ.ಅ. × ಲ.ಸಾ.ಅ. = 3 × 180 = 540. ಹತ್ತಿರಕ್ಕೂ ಬರಲಿಲ್ಲ.

ಎರಡೇ ಸಂಖ್ಯೆಗಳಿದ್ದಾಗ ಪ್ರತಿ ಅವಿಭಾಜ್ಯಕ್ಕೂ ಎರಡೇ ಘಾತಾಂಕ. ಕಡಿಮೆಯದ್ದು ಮ.ಸಾ.ಅ.ಗೆ ಹೋಯಿತು, ಹೆಚ್ಚಿನದ್ದು ಲ.ಸಾ.ಅ.ಗೆ ಹೋಯಿತು, ಏನೂ ಉಳಿಯಲಿಲ್ಲ. ಮೂರಿದ್ದಾಗ ನಡುವಿನದಕ್ಕೆ ಮನೆಯಿಲ್ಲ. 16200ನ್ನು 540ರಿಂದ ಭಾಗಿಸಿದರೆ 30. ಹೀಗೆ ಹೊರಗುಳಿದದ್ದು ಆ 30 = 2 × 3 × 5, ಅಂದರೆ ಪ್ರತಿ ಅವಿಭಾಜ್ಯದ ನಡುವಿನ ಘಾತ. ಮೂರು ಸಂಖ್ಯೆಗಳಿಗೆ ಸೂತ್ರವೇ ಬೇಕೆಂದರೆ ಮೊದಲೆರಡರ ಲ.ಸಾ.ಅ. ಕಂಡುಹಿಡಿದು, ಬಂದದ್ದಕ್ಕೂ ಮೂರನೆಯದಕ್ಕೂ ಮತ್ತೆ ಲ.ಸಾ.ಅ. ತೆಗೆಯಿರಿ.

ಪ್ರಶ್ನೆ: 1591 ಮತ್ತು 1739ರ ಮ.ಸಾ.ಅ. ಕೇಳಿದ್ದರು. 2, 3, 5, 7, 11, 13 ಯಾವುದರಿಂದಲೂ ಭಾಗವಾಗಲಿಲ್ಲ. 1 ಎಂದು ಬರೆದೆ, ತಪ್ಪಾಯಿತು.

ಸಣ್ಣ ಅವಿಭಾಜ್ಯಗಳು ಸೋತ ಮಾತ್ರಕ್ಕೆ 1 ಎಂದು ತೀರ್ಪು ಕೊಡುವಂತಿಲ್ಲ. ನೀವು ಇನ್ನೂ 17, 19, 23, 29, 31 ದಾಟಿ 37ಕ್ಕೆ ಬರಬೇಕಿತ್ತು. ಅಷ್ಟು ತಾಳ್ಮೆ ಯಾರಿಗೂ ಬೇಡ, ಏಕೆಂದರೆ ಇಂಥ ಸಂಖ್ಯೆಗಳನ್ನು ಕೊಡುವುದೇ ಯೂಕ್ಲಿಡ್‌ನ ಕ್ರಮವನ್ನು ಬಳಸಲಿ ಎಂದು. ದೊಡ್ಡದನ್ನು ಚಿಕ್ಕದರಿಂದ ಭಾಗಿಸಿ. ಬಂದ ಶೇಷದಿಂದ ಹಿಂದಿನ ಭಾಜಕವನ್ನು ಭಾಗಿಸಿ. ಶೇಷ 0 ಬರುವವರೆಗೆ ಇದೇ.

1739 = 1591 × 1 + 148
1591 = 148 × 10 + 111
148 = 111 × 1 + 37
111 = 37 × 3 + 0

ಕೊನೆಯ ಸಾಲಿನ ಭಾಜಕ 37 ಉತ್ತರ. ನಾಲ್ಕೇ ಭಾಗಾಕಾರ, ಒಂದು ಅವಿಭಾಜ್ಯವನ್ನೂ ಹುಡುಕಲಿಲ್ಲ.

ಇದು ನಡೆಯಲು ಕಾರಣ ಸರಳ. ಯಾವುದೋ ಸಂಖ್ಯೆ 1739ನ್ನೂ 1591ನ್ನೂ ಭಾಗಿಸುತ್ತದೆ ಎಂದರೆ ಅವುಗಳ ವ್ಯತ್ಯಾಸವಾದ 148ನ್ನೂ ಭಾಗಿಸಲೇಬೇಕು. ಹಾಗೆಯೇ 148ನ್ನೂ 1591ನ್ನೂ ಭಾಗಿಸುವುದು ಅವುಗಳ ಮೊತ್ತವಾದ 1739ನ್ನೂ ಭಾಗಿಸುತ್ತದೆ. ಅಂದಮೇಲೆ ಜೋಡಿ ಚಿಕ್ಕದಾದರೂ ಸಾಮಾನ್ಯ ಅಪವರ್ತನಗಳ ಪಟ್ಟಿ ಬದಲಾಗಲಿಲ್ಲ. ಭಾಗಾಕಾರ ಎಂದರೆ ಕಳೆಯುವುದನ್ನೇ ಒಟ್ಟಿಗೆ ಹಲವು ಸಲ ಮಾಡಿದಂತೆ.

ಎರಡು ಕಡೆ ಕೈ ತಪ್ಪುತ್ತದೆ. ಮೊದಲನೆಯದು, ಶೇಷದ ಜಾಗದಲ್ಲಿ ಭಾಗಲಬ್ಧವನ್ನು ಕೆಳಗಿಳಿಸುವುದು: 111ರ ಬದಲು 10 ಇಳಿಸಿದರೆ ಮುಂದಿನದೆಲ್ಲ ಬೇರೆಯೇ ಲೆಕ್ಕ. ಎರಡನೆಯದು, ಕೊನೆಯಲ್ಲಿ 3ನ್ನು ಉತ್ತರ ಎನ್ನುವುದು. ಅದೂ ಭಾಗಲಬ್ಧವೇ.

ಲ.ಸಾ.ಅ. ಬೇಕಿದ್ದರೆ ಮೊದಲು ಭಾಗಿಸಿ ಆಮೇಲೆ ಗುಣಿಸಿ. 1739 ÷ 37 = 47, 1591 × 47 = 74777. ಮೊದಲೇ 1591 × 1739 ಮಾಡಿ ಏಳಂಕಿಯ ಸಂಖ್ಯೆಯನ್ನು 37ರಿಂದ ಭಾಗಿಸಲು ಕೂರುವುದು ವೃಥಾ ಶ್ರಮ.

ಕ್ರಿ.ಪೂ. 300ರ ಸುಮಾರಿನ ಯೂಕ್ಲಿಡ್‌ನ ಎಲಿಮೆಂಟ್ಸ್‌ನಲ್ಲಿ, ಏಳನೇ ಭಾಗದ ಮೊದಲಲ್ಲೇ ಈ ಕ್ರಮವಿದೆ. 499ರ ಆರ್ಯಭಟೀಯದ ಕುಟ್ಟಕ ವಿಧಾನವೂ ಇಂಥದೇ ಪರಸ್ಪರ ಭಾಗಾಕಾರದ ಮೇಲೆ ನಿಂತಿದೆ. ಎಷ್ಟು ಹೆಜ್ಜೆ ಹಿಡಿಯಬಹುದು ಎಂಬುದಕ್ಕೆ ಮಿತಿ ಹಾಕಿದವರು ಫ್ರಾನ್ಸಿನ ಗೇಬ್ರಿಯಲ್ ಲಾಮೆ, 1844ರಲ್ಲಿ: ಚಿಕ್ಕ ಸಂಖ್ಯೆಯಲ್ಲಿರುವ ಅಂಕಿಗಳ ಐದು ಪಟ್ಟಿಗಿಂತ ಹೆಚ್ಚು ಭಾಗಾಕಾರ ಬೇಕಾಗದು. ನಾಲ್ಕಂಕಿಯ 1591ಕ್ಕೆ ಹೆಚ್ಚೆಂದರೆ ಇಪ್ಪತ್ತು. ಸತಾಯಿಸುವ ಜೋಡಿ ಬೇಕಿದ್ದರೆ 55 ಮತ್ತು 89 ಮಾಡಿ ನೋಡಿ. ಕೊನೆಯದನ್ನು ಬಿಟ್ಟು ಪ್ರತಿ ಸಲ ಭಾಗಲಬ್ಧ 1 ಎಂದೇ ಬಂದು, ಕೊನೆಯ ಭಾಗಾಕಾರ ಮುಗಿಯುವಷ್ಟರಲ್ಲಿ ಒಂಬತ್ತು ಹೆಜ್ಜೆ ಆಗಿರುತ್ತದೆ.

ಪ್ರಶ್ನೆ: ಮಾತಿನ ಲೆಕ್ಕಗಳಲ್ಲಿ ‘ಗರಿಷ್ಠ’ ಎಂದಿದ್ದರೆ ಮ.ಸಾ.ಅ., ‘ಕನಿಷ್ಠ’ ಎಂದಿದ್ದರೆ ಲ.ಸಾ.ಅ. ಎಂದು ಹೇಳಿಕೊಡುತ್ತಾರೆ. ಇದನ್ನು ನಂಬಬಹುದೇ?

ನಂಬಬೇಡಿ. “168 ಸೆಂ.ಮೀ. ಮತ್ತು 180 ಸೆಂ.ಮೀ. ಉದ್ದದ ಎರಡು ಕೊಳವೆಗಳನ್ನು ಏನೂ ಉಳಿಯದಂತೆ ಸಮನಾದ ತುಂಡುಗಳಾಗಿ ಕತ್ತರಿಸಬೇಕು, ಒಟ್ಟು ಕನಿಷ್ಠ ಎಷ್ಟು ತುಂಡುಗಳಾಗುತ್ತವೆ?” ಇಲ್ಲಿ ಕನಿಷ್ಠ ಎಂದಿದೆ, ಬೇಕಾದದ್ದು ಮ.ಸಾ.ಅ. ತುಂಡುಗಳು ಕಡಿಮೆಯಾಗಬೇಕಾದರೆ ಪ್ರತಿ ತುಂಡು ಆದಷ್ಟು ಉದ್ದವಿರಬೇಕು: 12 ಸೆಂ.ಮೀ. ಒಂದರಲ್ಲಿ 14, ಇನ್ನೊಂದರಲ್ಲಿ 15, ಒಟ್ಟು 29. ಉತ್ತರ 12 ಅಲ್ಲ ಎಂಬುದನ್ನೂ ಗಮನಿಸಿ, ಮ.ಸಾ.ಅ. ಬಂದ ಕೂಡಲೇ ಅದರ ಕೆಳಗೆ ಗೆರೆ ಎಳೆದು ಮುಗಿಸುವ ಮಕ್ಕಳು ಪ್ರಶ್ನೆಯನ್ನು ಮರೆತಿರುತ್ತಾರೆ.

ಪದ ಹುಡುಕುವ ಬದಲು ಒಂದು ಪ್ರಶ್ನೆ ಕೇಳಿಕೊಳ್ಳಲಿ: ಬೇಕಾದ ಸಂಖ್ಯೆ ಕೊಟ್ಟ ಸಂಖ್ಯೆಗಳ ಒಳಗೆ ಕೂರಬೇಕೇ, ಅಥವಾ ಕೊಟ್ಟ ಸಂಖ್ಯೆಗಳು ಅದರೊಳಗೆ ಕೂರಬೇಕೇ? ತುಂಡು ಕೊಳವೆಯೊಳಗೆ ಕೂರಬೇಕು, ಹಾಗಾಗಿ ಅಪವರ್ತನ. ಈಗ ಅದೇ ಸಂಖ್ಯೆಗಳು ಬೇರೆ ವೇಷದಲ್ಲಿ: ಒಂದು ದೀಪ 168 ಸೆಕೆಂಡಿಗೊಮ್ಮೆ, ಇನ್ನೊಂದು 180 ಸೆಕೆಂಡಿಗೊಮ್ಮೆ ಮಿಂಚುತ್ತದೆ, ಈಗ ಒಟ್ಟಿಗೆ ಮಿಂಚಿದವು, ಮತ್ತೆ ಯಾವಾಗ? ಬೇಕಾದ ಸಮಯದೊಳಗೆ 168ರ ಸುತ್ತುಗಳೂ 180ರ ಸುತ್ತುಗಳೂ ಪೂರ್ತಿಯಾಗಿ ಕೂರಬೇಕು, ಹಾಗಾಗಿ ಅಪವರ್ತ್ಯ. 2520 ಸೆಕೆಂಡು, ಅಂದರೆ 42 ನಿಮಿಷ.

“3 ಗಂಟೆಯಲ್ಲಿ ಎಷ್ಟು ಸಲ ಒಟ್ಟಿಗೆ ಮಿಂಚುತ್ತವೆ?” ಎಂದು ಮುಂದುವರಿಸಿದರೆ ಜೋಪಾನ. 180 ನಿಮಿಷದಲ್ಲಿ 42 ನಾಲ್ಕು ಸಲ ಹಿಡಿಯುತ್ತದೆ, ಆದರೆ ಶುರುವಿನ ಮಿಂಚನ್ನೂ ಎಣಿಸಿದರೆ ಐದು. ಪ್ರಶ್ನೆಯಲ್ಲಿ ‘ಇನ್ನೂ ಎಷ್ಟು ಸಲ’ ಎಂದಿದೆಯೇ ಎಂದು ಎರಡನೇ ಬಾರಿ ಓದಿಯೇ ಬರೆಯಬೇಕು.

ಏಕಮಾನಗಳೂ ಕೈಕೊಡುತ್ತವೆ. ಒಂದು 168 ಸೆಕೆಂಡು, ಇನ್ನೊಂದು 3 ನಿಮಿಷ ಎಂದು ಕೊಟ್ಟರೆ 168 ಮತ್ತು 3ರ ಲ.ಸಾ.ಅ. ತೆಗೆದು 168 ಎಂದುಬಿಡುತ್ತಾರೆ.

ಪ್ರಶ್ನೆ: ಶೇಷ ಉಳಿಯುವ ಲೆಕ್ಕಗಳಲ್ಲಿ ಶೇಷವನ್ನು ಯಾವಾಗ ಕೂಡಬೇಕು, ಯಾವಾಗ ಕಳೆಯಬೇಕು?

ಮ.ಸಾ.ಅ. ಲೆಕ್ಕದಲ್ಲಿ ಮೊದಲೇ ಕಳೆಯಿರಿ, ಲ.ಸಾ.ಅ. ಲೆಕ್ಕದಲ್ಲಿ ಕೊನೆಗೆ ಕೂಡಿ.

131ನ್ನೂ 187ನ್ನೂ ಭಾಗಿಸಿದಾಗ 5 ಉಳಿಸುವ ಅತಿ ದೊಡ್ಡ ಸಂಖ್ಯೆ ಬೇಕು ಎನ್ನೋಣ. ಉಳಿಯುವ 5ನ್ನು ತೆಗೆದುಹಾಕಿದರೆ 126, 182. ಇವು ನಿಶ್ಶೇಷವಾಗಿ ಭಾಗವಾಗಬೇಕು. ಮ.ಸಾ.ಅ. 14. ಅದು 5ಕ್ಕಿಂತ ದೊಡ್ಡದೇ ಎಂದೂ ನೋಡಿ, ಭಾಜಕ ಶೇಷಕ್ಕಿಂತ ದೊಡ್ಡದಿರಲೇಬೇಕು.

12, 15, 20 ಮೂರರಿಂದ ಭಾಗಿಸಿದರೂ 5 ಉಳಿಸುವ, ಅವುಗಳಿಗಿಂತ ದೊಡ್ಡದಾದ ಸಂಖ್ಯೆಗಳಲ್ಲಿ ಅತಿ ಚಿಕ್ಕದು ಬೇಕೆಂದರೆ ಲ.ಸಾ.ಅ. 60, ಅದಕ್ಕೆ 5 ಸೇರಿಸಿ 65. (ಬರೀ ‘ಅತಿ ಚಿಕ್ಕ ಸಂಖ್ಯೆ’ ಎಂದು ಕೇಳಿದರೆ 5 ಕೂಡ ಸರಿಹೋಗುತ್ತದೆ! 5ನ್ನು 12ರಿಂದ ಭಾಗಿಸಿದರೆ ಭಾಗಲಬ್ಧ 0, ಶೇಷ 5. ಪ್ರಶ್ನೆ ಬರೆಯುವವರು ಇದನ್ನು ಮರೆಯುವುದೇ ಹೆಚ್ಚು.)

ಶೇಷಗಳು ಬೇರೆ ಬೇರೆಯಿದ್ದಾಗ ಕೊರತೆಯನ್ನು ನೋಡಿ. 12ರಿಂದ 11, 15ರಿಂದ 14, 20ರಿಂದ 19 ಉಳಿಯಬೇಕು ಎಂದರೆ ಮೂರರಲ್ಲೂ ಕೊರತೆ 1. ಹಾಗಾಗಿ 60 − 1 = 59. ಕೊರತೆಗಳೂ ಒಂದೇ ಇಲ್ಲದಿದ್ದರೆ ಈ ಉಪಾಯ ನಡೆಯದು, ಅದು ಬೇರೆ ಅಧ್ಯಾಯ.

ಪ್ರಶ್ನೆ: ಭಿನ್ನರಾಶಿ ಕೂಡುವಾಗ ಛೇದಗಳನ್ನು ನೇರವಾಗಿ ಗುಣಿಸಿದರೂ ಉತ್ತರ ಬರುತ್ತದಲ್ಲ, ಲ.ಸಾ.ಅ. ಯಾಕೆ ಬೇಕು?

ಬರುತ್ತದೆ, ತಪ್ಪೇನಿಲ್ಲ. 7/180 + 5/168 ಎರಡು ಥರವೂ ಮಾಡಿ ನೋಡಿ. ಗುಣಿಸುವ ದಾರಿಯಲ್ಲಿ ಛೇದ 30240; ಅಂಶ 1176 + 900 = 2076. ಆಮೇಲೆ 2076/30240ನ್ನು ಸಂಕ್ಷೇಪಿಸಲು ಮತ್ತೆ 12 ಎಂಬ ಮ.ಸಾ.ಅ. ಹುಡುಕಬೇಕು. ಲ.ಸಾ.ಅ. ದಾರಿಯಲ್ಲಿ ಛೇದ 2520; ಅಂಶ 7×14 + 5×15 = 98 + 75 = 173. ಉತ್ತರ 173/2520, ಮುಗಿಯಿತು. ಮೊದಲೇ ತೆಗೆಯಬಹುದಾಗಿದ್ದ 12ನ್ನು ಗುಣಿಸುವವರು ಕೊನೆಯವರೆಗೂ ಹೊತ್ತು ತರುತ್ತಾರೆ ಅಷ್ಟೇ.

ಹಾಗೆಂದು ಲ.ಸಾ.ಅ. ಬಳಸಿದರೆ ಉತ್ತರ ಸಂಕ್ಷಿಪ್ತ ರೂಪದಲ್ಲೇ ಬರುತ್ತದೆ ಎಂದುಕೊಳ್ಳಬೇಡಿ. 1/6 + 1/10 = 5/30 + 3/30 = 8/30; ಇದು ಇನ್ನೂ 4/15 ಆಗಬೇಕು. ಗುಣಾಕಾರದಲ್ಲಿ ಛೇದ ಸಮ ಮಾಡುವ ಕೆಲಸವೇ ಇಲ್ಲ. ಕೂಡುವ ಅಧ್ಯಾಯ ಮುಗಿಸಿದ ಮರುದಿನ ಮಕ್ಕಳು 2/3 × 4/5ಕ್ಕೂ 15ರ ಛೇದ ತಂದು ಕಷ್ಟಪಡುತ್ತಾರೆ.

ಒಂಬತ್ತನೇ ಶತಮಾನದ ಮಹಾವೀರಾಚಾರ್ಯರ ಗಣಿತಸಾರಸಂಗ್ರಹದಲ್ಲಿ ಛೇದಗಳ ಲ.ಸಾ.ಅ.ಗೆ ‘ನಿರುದ್ಧ’ ಎಂಬ ಹೆಸರಿದೆ. ಛೇದಗಳ ಸಾಮಾನ್ಯ ಅಪವರ್ತನಗಳನ್ನೂ ಅವುಗಳಿಂದ ಭಾಗಿಸಿ ಬಂದ ಲಬ್ಧಗಳನ್ನೂ ಗುಣಿಸಿದರೆ ಅದು ಸಿಗುತ್ತದೆ ಎನ್ನುತ್ತದೆ ಅಲ್ಲಿಯ ಸೂತ್ರ. ಇಲ್ಲಿ 12 × 15 × 14 ಮಾಡಿ ನೋಡಿ.

ಪ್ರಶ್ನೆ: ಅಕ್ಷರಗಳು ಬಂದ ಕೂಡಲೇ ಇದೆಲ್ಲ ಮರೆತುಹೋಗುತ್ತದೆ. 18ಕ³ತ² ಮತ್ತು 24ಕತ⁵ಪ ಇವುಗಳ ಮ.ಸಾ.ಅ., ಲ.ಸಾ.ಅ. ಹೇಗೆ? (ಪತ್ರದಲ್ಲಿದ್ದ ಎಕ್ಸ್, ವೈ, ಝಡ್‌ಗಳನ್ನು ಇಲ್ಲಿ ಕ, ತ, ಪ ಎಂದು ಬದಲಿಸಿದ್ದೇವೆ.)

ಅಕ್ಷರವನ್ನು ಇನ್ನೊಂದು ಅವಿಭಾಜ್ಯ ಎಂದೇ ಭಾವಿಸಿ, ನಿಯಮ ಒಂದಿಷ್ಟೂ ಬದಲಾಗದು. ಸಹಗುಣಕಗಳಿಗೆ ಮ.ಸಾ.ಅ. 6, ಲ.ಸಾ.ಅ. 72. ಅಕ್ಷರಗಳಲ್ಲಿ ಎರಡರಲ್ಲೂ ಇರುವುದು ಕ ಮತ್ತು ತ. ಕಡಿಮೆ ಘಾತ ಕ¹, ತ². ಮ.ಸಾ.ಅ. 6ಕತ². ಪ ಒಂದರಲ್ಲಿ ಮಾತ್ರ ಇರುವುದರಿಂದ ಇಲ್ಲಿಗೆ ಬರುವುದಿಲ್ಲ. ಲ.ಸಾ.ಅ.ಗೆ ಎಲ್ಲವೂ, ಹೆಚ್ಚಿನ ಘಾತ: 72ಕ³ತ⁵ಪ.

‘ಕ’ ಎಂದು ಒಂಟಿಯಾಗಿ ನಿಂತಾಗ ಅದರ ಘಾತಾಂಕ 1, ಸೊನ್ನೆಯಲ್ಲ. ಬರೆಯದ ಆ 1ರಿಂದಲೇ ಹೆಚ್ಚಿನ ತಪ್ಪುಗಳು ಹುಟ್ಟುತ್ತವೆ. ಅದರ ಅಣ್ಣ ಅಪವರ್ತಿಸುವಾಗ ಕಾಣಿಸುತ್ತಾನೆ: 12ಕ² + 4ಕ ಇದರಿಂದ 4ಕ ಹೊರತೆಗೆದರೆ 4ಕ(3ಕ + 1). ಎರಡನೇ ಪದ ಪೂರ್ತಿ ಹೊರಗೆ ಹೋಯಿತೆಂದು 4ಕ(3ಕ) ಎಂದು ಬರೆದು ನಿಲ್ಲಿಸುವವರು ತರಗತಿಗೆ ನಾಲ್ಕೈದು ಜನ ಇದ್ದೇ ಇರುತ್ತಾರೆ. ಮತ್ತೆ ಗುಣಿಸಿ ನೋಡಲು ಹೇಳಿ, 4ಕ ಎಲ್ಲಿ ಹೋಯಿತು ಎಂದು ಅವರೇ ಹುಡುಕುತ್ತಾರೆ.

ಪ್ರಶ್ನೆ: ಉತ್ತರದ ಪಟ್ಟಿ ಇಲ್ಲದೆ ಸರಿ ತಪ್ಪು ತಿಳಿಯುವುದು ಹೇಗೆ?

ಕೊಟ್ಟ ಎರಡೂ ಸಂಖ್ಯೆಗಳನ್ನು ಮ.ಸಾ.ಅ.ಯಿಂದ ಭಾಗಿಸಿ. ಬಂದ ಎರಡು ಭಾಗಲಬ್ಧಗಳು ಸಹ ಅವಿಭಾಜ್ಯಗಳಾಗಿರಬೇಕು, ಅಂದರೆ 1ನ್ನು ಬಿಟ್ಟು ಬೇರೇನೂ ಸಾಮಾನ್ಯವಾಗಿರಬಾರದು. 168 ÷ 12 = 14, 180 ÷ 12 = 15: ಸರಿ. ಮ.ಸಾ.ಅ. 6 ಎಂದು ಬರೆದಿದ್ದರೆ 28, 30 ಬರುತ್ತಿತ್ತು. ಎರಡೂ ಸಮ, ಒಂದು 2 ಒಳಗೇ ಉಳಿದಿದೆ.

ಈಗ ಲ.ಸಾ.ಅ.ಯನ್ನು ಕೊಟ್ಟ ಸಂಖ್ಯೆಗಳಿಂದ ಭಾಗಿಸಿ. 2520 ÷ 168 = 15, 2520 ÷ 180 = 14. ಅವೇ ಎರಡು ಸಂಖ್ಯೆಗಳು, ಸ್ಥಾನ ಅದಲುಬದಲಾಗಿ. ಎರಡು ಸಂಖ್ಯೆಗಳ ಯಾವ ಲೆಕ್ಕದಲ್ಲೂ ಹೀಗೇ ಬರಬೇಕು.

ಮ.ಸಾ.ಅ. ಯಾವಾಗಲೂ ಲ.ಸಾ.ಅ.ಯನ್ನು ಭಾಗಿಸಬೇಕು ಎಂಬುದೂ ಇದರಿಂದಲೇ ಬರುತ್ತದೆ. ‘ಮ.ಸಾ.ಅ. 12, ಲ.ಸಾ.ಅ. 100 ಇರುವ ಎರಡು ಸಂಖ್ಯೆಗಳು’ ಎಂದು ಯಾರಾದರೂ ಕೇಳಿದರೆ ಹುಡುಕಲು ಹೋಗಬೇಡಿ, ಅಂಥವಿಲ್ಲ. 6 ಮತ್ತು 90 ಎಂದರೆ ಇವೆ: 90 ÷ 6 = 15, ಇದನ್ನು ಸಹ ಅವಿಭಾಜ್ಯಗಳಾಗಿ ಒಡೆದರೆ 1×15 ಅಥವಾ 3×5. ಎರಡನ್ನೂ 6ರಿಂದ ಗುಣಿಸಿ: (6, 90) ಅಥವಾ (18, 30).

ಚುಟುಕು ಪ್ರಶ್ನೆಗಳು

8 ಮತ್ತು 15 ಅವಿಭಾಜ್ಯಗಳಲ್ಲ, ಆದರೂ ಸಹ ಅವಿಭಾಜ್ಯಗಳು ಎನ್ನುತ್ತಾರೆ. ಹೇಗೆ? ಆ ಹೆಸರು ಜೋಡಿಗೆ ಸಲ್ಲುತ್ತದೆ, ಒಂದೊಂದಕ್ಕಲ್ಲ. ಅವುಗಳ ಮ.ಸಾ.ಅ. 1. ಇಂಥಲ್ಲಿ ‘ಮ.ಸಾ.ಅ. ಇಲ್ಲ’ ಅಥವಾ ‘0’ ಎಂದು ಬರೆದರೆ ತಪ್ಪು.

0 ಮತ್ತು 7ರ ಮ.ಸಾ.ಅ.? 7. ಸೊನ್ನೆಯನ್ನು 7 ನಿಶ್ಶೇಷವಾಗಿ ಭಾಗಿಸುತ್ತದೆ. ಯೂಕ್ಲಿಡ್ ಕ್ರಮದ ಕೊನೆಯ ಸಾಲಿನಲ್ಲಿ ಆಗುವುದೂ ಇದೇ.

7 ಮತ್ತು 21ರಂತೆ ಒಂದು ಇನ್ನೊಂದನ್ನು ಭಾಗಿಸಿದರೆ? ಲೆಕ್ಕವೇ ಬೇಡ. ಚಿಕ್ಕದು ಮ.ಸಾ.ಅ., ದೊಡ್ಡದು ಲ.ಸಾ.ಅ.

ಪರೀಕ್ಷೆಯ ಹೊರಗೆ ಇದು ಎಲ್ಲಾದರೂ ಇದೆಯೇ? ಗೇರ್‌ಚಕ್ರಗಳಲ್ಲಿದೆ. 12 ಹಲ್ಲಿನ ಚಕ್ರ 18 ಹಲ್ಲಿನದಕ್ಕೆ ಕಚ್ಚಿಕೊಂಡಿದ್ದರೆ ಪ್ರತಿ 36 ಹಲ್ಲು ದಾಟಿದ ಮೇಲೆ ಅದೇ ಹಲ್ಲು ಅದೇ ಹಲ್ಲನ್ನು ಮುಟ್ಟುತ್ತದೆ, ಅಂದರೆ ಚಿಕ್ಕ ಚಕ್ರದ ಮೂರೇ ಸುತ್ತಿಗೆ. ಒಂದು ಹಲ್ಲಿನಲ್ಲಿ ಕೊರೆಯಿದ್ದರೆ ಎದುರಿನ ಕೆಲವೇ ಹಲ್ಲುಗಳು ಸವೆಯುತ್ತವೆ. 13 ಹಲ್ಲು ಮಾಡಿದರೆ ಲ.ಸಾ.ಅ. 234ಕ್ಕೆ ಏರಿ, ಪ್ರತಿ ಹಲ್ಲೂ ಎದುರಿನ ಪ್ರತಿ ಹಲ್ಲನ್ನೂ ಮುಟ್ಟಿ ಸವೆತ ಹಂಚಿಹೋಗುತ್ತದೆ. ಆದ್ದರಿಂದ ಹಲ್ಲುಗಳ ಸಂಖ್ಯೆಯನ್ನು ಸಹ ಅವಿಭಾಜ್ಯವಾಗಿ ಆರಿಸುವ ರೂಢಿಯಿದೆ. ನಿಸರ್ಗದಲ್ಲೂ ಒಂದು ಉದಾಹರಣೆ: ಅಮೆರಿಕದಲ್ಲಿ 13 ವರ್ಷಕ್ಕೊಮ್ಮೆ ಮತ್ತು 17 ವರ್ಷಕ್ಕೊಮ್ಮೆ ನೆಲದಿಂದ ಏಳುವ ಸಿಕಾಡಾ ಕೀಟಗಳ ಗುಂಪುಗಳಿವೆ. 13 × 17 = 221. ಅಂಥ ಎರಡು ನಿರ್ದಿಷ್ಟ ಗುಂಪುಗಳು 2024ರಲ್ಲಿ ಒಟ್ಟಿಗೆ ಎದ್ದವು. ಅದಕ್ಕೂ ಮೊದಲು ಅವು ಜೊತೆಯಾಗಿದ್ದದ್ದು 1803ರಲ್ಲಿ, ಇನ್ನು ಮುಂದೆ ಜೊತೆಯಾಗುವುದು 2245ಕ್ಕೆ.